ಎಕಿಡ್ನದ ಮೊಟ್ಟೆಯ ವೃತ್ತಾಂತ

ಪ್ರಾಣಿಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸುವುದು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ಬಂದ ಪದ್ಧತಿ. ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂಬ ನಾಲ್ಕು ವರ್ಗಗಳು ಐತರೇಯೋಪನಿಷತ್ತಿನಲ್ಲಿಯೇ ಬಂದಿವೆ. ಮೊಟ್ಟೆಯೊಡೆದು ಹುಟ್ಟುವ ಹಕ್ಕಿ, ಹಾವು, ಮೀನುಗಳು ಅಂಡಜಗಳು. ಗರ್ಭದಿಂದ ಹುಟ್ಟಿ ತಾಯಿಯ ಹಾಲನ್ನುಂಡು ಬೆಳೆಯುವ ಹಸು, ಆನೆ, ಮನುಷ್ಯ ಮೊದಲಾದುವು ಜರಾಯುಜಗಳು. ಒಂದಕ್ಕೆ ಸೇರಿದುದು ಇನ್ನೊಂದಕ್ಕೆ ಸೇರಲಾರದೆಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತೇ ಅಲ್ಲ. ಯೂರೋಪಿನ ಪಂಡಿತರೂ ತಮ್ಮ ಮಾತುಗಳಲ್ಲಿ ಇದನ್ನೇ ನಂಬಿದ್ದರು. ಈ ನಂಬಿಕೆಗೆ ಅಡ್ಡಲಾಗಿ ಬಂದು ನಿಂತ ಒಂದು ಚಿಕ್ಕ ಪ್ರಾಣಿಯ ವಿಷಯವಾಗಿ ಅವರು ತೊಂಬತ್ತೆರಡು ವರ್ಷ ಜಗಳವಾಡಿದರು. ಆ ಜಗಳದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಪ್ರಾಣಿಯ ಹೆಸರು ಎಕಿಡ್ನ. ನಾನು ಅದನ್ನು ಕಂಡುದು ಆಸ್ಟ್ರೇಲಿಯದ ದಕ್ಷಿಣ ತೀರದಾಚೆ ಇರುವ ಕಾಂಗರೂ ದ್ವೀಪದಲ್ಲಿ. ಅಡಿಲೇಡ್ ನಗರದಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿದ್ದಾಗ ಅವಳೂ ಅಳಿಯನೂ ನನ್ನನ್ನು ಹಡಗಿನಲ್ಲಿ ಅಲ್ಲಿಗೆ ಕರೆದೊಯ್ದರು. ಆಗಸ್ಟ್ ತಿಂಗಳು, ಅಲ್ಲಿಗೆ ಅದು ಚಳಿಗಾಲದ ಕೊನೆ. ಬೆಳಗಿನ ಹೊತ್ತು ದಾರಿಯ ಬದಿಯಲ್ಲಿ ಉದುರಿದ ನೀಲಗಿರಿ ಎಲೆಗಳ ನಡುವೆ ಮುಳ್ಳಿನ ಉಂಡೆಯೊಂದು ಉರುಳಿದಂತೆ ಕಂಡಿತು. “ಮುಳ್ಳುಹಂದಿ!” ಎಂದೆ. ಮಗಳು ನಕ್ಕಳು. ಹತ್ತಿರ ಹೋಗುವಷ್ಟರಲ್ಲಿ ಅದು ನಮ್ಮ ಹೆಜ್ಜೆಯ ಸದ್ದನ್ನು ಅರಿತು ನಿಂತಿತು. ಓಡಲಿಲ್ಲ. ನಿಂತ ನಿಲುವಿನಲ್ಲಿಯೇ ನೆಲದೊಳಕ್ಕೆ ಇಳಿಯತೊಡಗಿತು! ನಾಲ್ಕು ಕಾಲುಗಳೂ ಕೆಳಗೆ ಮಣ್ಣನ್ನು ತೋಡುತ್ತಿರಬೇಕು. ನಮಗೆ ಕಾಣುತ್ತಿದ್ದುದು ಮುಳುಗುತ್ತಿರುವ ಬೆನ್ನು ಮಾತ್ರ. ಒಂದೆರಡು ನಿಮಿಷಗಳಲ್ಲಿ ನೆಲದ ಮೇಲೆ ಮುಳ್ಳುಗಳ ಒಂದು ಸಣ್ಣ ಗುಪ್ಪೆಯ ಹೊರತು ಮತ್ತೇನೂ ಉಳಿಯಲಿಲ್ಲ. ನಾವು ಸದ್ದಿಲ್ಲದೆ ದೂರ ಕುಳಿತೆವು. ಕಾಲು ಗಂಟೆಯ ಮೇಲೆ ಮಣ್ಣಿನಿಂದ ಪೆನ್ಸಿಲಿನಷ್ಟು ದಪ್ಪದ ಕಪ್ಪು ಮೂತಿಯೊಂದು ಹೊರಬಂದು ಗಾಳಿಯನ್ನು ಮೂಸಿತು. ಮೂತಿಯ ತುದಿಯಲ್ಲಿ ಸಣ್ಣದೊಂದು ಗುಳ್ಳೆ ಉಬ್ಬಿ ಒಡೆಯಿತು. ಆಮೇಲೆ ಪ್ರಾಣಿಯು ಏನೂ ನಡೆದೇ ಇಲ್ಲವೆಂಬಂತೆ ಗೆದ್ದಲು ಹುಡುಕುತ್ತ ತೂಗಾಡುತ್ತ ಹೊರಟುಹೋಯಿತು.

ನಾನು ಮುಳ್ಳುಹಂದಿಯೆಂದುದು ತಪ್ಪು. ನಮ್ಮ ಕಾಡಿನ ಮುಳ್ಳುಹಂದಿ ಇಲಿಯ ಬಳಗದ್ದು, ಅದಕ್ಕೆ ಉಳಿಯಂತಹ ಹಲ್ಲುಗಳುಂಟು. ಎಕಿಡ್ನಕ್ಕೆ ಹಲ್ಲೇ ಇಲ್ಲ. ಇರುವೆ ಗೆದ್ದಲುಗಳನ್ನು ತಿನ್ನುವುದರಲ್ಲಿ ಅದು ನಮ್ಮ ಚಿಪ್ಪುಹಂದಿಯನ್ನು ಹೋಲುತ್ತದಾದರೂ ಆ ನಂಟೂ ಹೊರನೋಟದ್ದೇ. ಅದರ ನಾಲಗೆ ಹದಿನೆಂಟು ಸೆಂಟಿಮೀಟರಿನಷ್ಟು ಹೊರಕ್ಕೆ ಚಾಚಬಲ್ಲುದು. ಅಂಟಾದ ಜೊಲ್ಲು ಗೆದ್ದಲನ್ನು ಹಿಡಿದು ತರುತ್ತದೆ. ಹಿಂಗಾಲುಗಳ ಉಗುರುಗಳು ಹಿಂದಕ್ಕೆ ತಿರುಗಿರುತ್ತವೆ. ಅವುಗಳಲ್ಲಿ ಒಂದು ಮಿಕ್ಕವುಗಳಿಗಿಂತ ನೀಳವಾಗಿ ಬೆಳೆದು, ಮುಳ್ಳುಗಳ ಸಂದಿಯಲ್ಲಿ ತುರಿಸಿಕೊಳ್ಳಲು ಬಾಚಣಿಗೆಯಂತೆ ಒದಗುತ್ತದೆ. ಮುಳ್ಳುಗಳೂ ಬಲಿತು ಗಟ್ಟಿಯಾದ ಕೂದಲುಗಳೇ. ಮೂತಿಯ ತುದಿಯ ಚರ್ಮದಲ್ಲಿ ಸುಮಾರು ೪೦೦ ಸೂಕ್ಷ್ಮ ಇಂದ್ರಿಯಗಳಿವೆ. ಒದ್ದೆ ಮಣ್ಣಿನಲ್ಲಿ ಹುಳುವಿನ ಸ್ನಾಯುಗಳು ಅಲುಗಿದಾಗ ಹುಟ್ಟುವ ವಿದ್ಯುತ್ತಿನ ಲೇಶವನ್ನು ಅವು ಗ್ರಹಿಸಬಲ್ಲುವು. ನಾವು ಕಂಡ ಗುಳ್ಳೆಗೂ ಒಂದು ಪ್ರಯೋಜನವುಂಟು: ಅದು ಒಡೆದು ಮೂತಿಯನ್ನು ಒದ್ದೆಮಾಡುತ್ತದೆ, ತೇವವು ಆರುವಾಗ ಕೆಳಗೆ ಹರಿಯುವ ರಕ್ತವು ತಣ್ಣಗಾಗುತ್ತದೆ. ಬೆವರಲಾರದ ಈ ಪ್ರಾಣಿಗೆ ಬಿಸಿಲಿನಲ್ಲಿ ಅದೊಂದು ಆಸರೆ.

ಇನ್ನು ಚರಿತ್ರೆಗೆ ಬರೋಣ.

೧೭೯೨ನೆಯ ಇಸವಿಯ ಫೆಬ್ರವರಿಯಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈನ ಹಡಗು ಟಾಸ್ಮೇನಿಯದ ಅಡ್ವೆಂಚರ್ ಕೊಲ್ಲಿಯಲ್ಲಿ ತಂಗಿತ್ತು. ಬೌಂಟಿ ಹಡಗಿನ ನಾವಿಕರು ದಂಗೆಯೆದ್ದು ಸಮುದ್ರದ ನಡುವೆ ದೋಣಿಗೆ ಇಳಿಸಿಬಿಟ್ಟ ಬ್ಲೈ ಈತನೇ. ಈ ಸಾರಿ ಆತನ ಅಧಿಕಾರಿಗಳಲ್ಲೊಬ್ಬನು ದಡದಲ್ಲಿ ವಿಚಿತ್ರವಾದ ಮುಳ್ಳಿನ ಪ್ರಾಣಿಯೊಂದನ್ನು ಹೊಡೆದು ತಂದನು. ಬ್ಲೈ ಅದರ ಚಿತ್ರವನ್ನು ಬರೆದಿಟ್ಟನು. ಆಮೇಲೆ ಅದನ್ನು ಸುಟ್ಟು ತಿಂದರು. ರುಚಿಯಾಗಿತ್ತೆಂದು ಹಡಗಿನವರು ಬರೆದಿದ್ದಾರೆ. ಎಕಿಡ್ನದ ವಿಷಯವಾಗಿ ಯೂರೋಪಿನವರು ಮೊಟ್ಟಮೊದಲು ಗೊತ್ತುಮಾಡಿಕೊಂಡ ಸಂಗತಿಗಳಲ್ಲಿ ಅದರ ರುಚಿಯೂ ಒಂದು ಎಂಬುದನ್ನು ಮರೆಯಲಾಗದು.

ಅದೇ ವರ್ಷ ಲಂಡನಿನಲ್ಲಿ ಜಾರ್ಜ್ ಷಾ ಎಂಬ ಪಂಡಿತನು ಸಮುದ್ರದಾಚೆಯಿಂದ ಬಂದ ಒಂದು ಮಾದರಿಯನ್ನು ನೋಡಿ ಅದನ್ನು ಅಮೆರಿಕದ ಇರುವೆಬಾಕಗಳ ಕುಲಕ್ಕೆ ಸೇರಿಸಿ ಹೆಸರಿಟ್ಟನು. ಮುಳ್ಳುಹಂದಿಗೂ ಇರುವೆಬಾಕಕ್ಕೂ ನಡುವಣ ಕೊಂಡಿಯೆಂದು ಭಾವಿಸಿದನು. ನನ್ನ ತಪ್ಪಿಗೆ ಇಷ್ಟಾದರೂ ಒಳ್ಳೆಯ ಜೊತೆಯುಂಟು. ಕ್ಯೂವಿಯೆ ಐದು ವರ್ಷಗಳ ತರುವಾಯ ಎಕಿಡ್ನವೆಂಬ ಹೆಸರನ್ನು ಕೊಟ್ಟನು. ಗ್ರೀಕರ ಪುರಾಣದಲ್ಲಿ ಎಕಿಡ್ನಳು ಅರ್ಧ ಹೆಂಗಸು, ಅರ್ಧ ಸರ್ಪ, ರಾಕ್ಷಸರ ತಾಯಿ. ಆ ಹೆಸರನ್ನು ಅದಕ್ಕೂ ಮೊದಲೇ ಒಂದು ಮೀನಿಗೆ ಕೊಟ್ಟಿದ್ದುದರಿಂದ ಶಾಸ್ತ್ರದ ಕ್ರಮದಂತೆ ಅದು ನಿಲ್ಲಲಿಲ್ಲ. ‘ಚುರುಕು ನಾಲಗೆ’ ಎಂಬರ್ಥದ ಟ್ಯಾಕಿಗ್ಲಾಸಸ್ ಎಂಬ ಹೆಸರು ೧೮೧೧ರಲ್ಲಿ ಬಂದಿತು. ಜನರ ಬಾಯಲ್ಲಿ ಮಾತ್ರ ಅರ್ಧಸರ್ಪವೇ ಉಳಿಯಿತು. ಅದು ಎಷ್ಟು ಒಪ್ಪುವ ಹೆಸರೆಂಬುದು ಹೆಸರಿಟ್ಟಾಗ ಯಾರಿಗೂ ತಿಳಿದಿರಲಿಲ್ಲ.

ಏತನ್ಮಧ್ಯೆ ೧೭೯೯ರಲ್ಲಿ ಅದೇ ಷಾ ಪಂಡಿತನು ಬಾತಿನ ಕೊಕ್ಕಿನ ಪ್ಲಾಟಿಪಸ್ಸನ್ನು ವರ್ಣಿಸಿದನು. ಯಾರೋ ಕುಚೋದ್ಯಕ್ಕಾಗಿ ಹೊಲಿದು ಕಳುಹಿಸಿದ ಚರ್ಮವಿರಬಹುದೆಂದು ಆತನಿಗೇ ಸಂಶಯವಿತ್ತು. ೧೮೦೨ರಲ್ಲಿ ಎವರಾರ್ಡ್ ಹೋಮ್ ಎಂಬ ಶಸ್ತ್ರವೈದ್ಯನು ಎರಡು ಪ್ರಾಣಿಗಳನ್ನೂ ಕೊಯ್ದು ನೋಡಲು, ಹೊರಗೆ ಇಷ್ಟು ಬೇರೆಯಾಗಿ ಕಾಣುವ ಇವೆರಡೂ ಒಳಗೆ ಒಂದೇ ಬಗೆಯವೆಂದು ತಿಳಿಯಿತು. ಮಲ, ಮೂತ್ರ, ಸಂತಾನ ಇವೆಲ್ಲಕ್ಕೂ ಹಕ್ಕಿ ಹಲ್ಲಿಗಳಲ್ಲಿರುವಂತೆ ಒಂದೇ ಬಾಗಿಲು. ಮೊಲೆತೊಟ್ಟು ಎಲ್ಲಿಯೂ ಇಲ್ಲ. ಆದರೂ ಮೈಮೇಲೆ ಕೂದಲು! ಮರುವರ್ಷ ಪ್ಯಾರಿಸಿನ ಜೊಫ್ರುವಾ ಸೇಂತಿಲೇರನು ಇವುಗಳಿಗೆ ಮಾನೊಟ್ರೀಮ್, ಎಂದರೆ ಏಕದ್ವಾರಿಗಳು, ಎಂದು ಹೆಸರಿಟ್ಟನು.

ಇಲ್ಲಿಂದ ಜಗಳ ಮೊದಲಾಯಿತು. ಇದು ಮೊಟ್ಟೆಯಿಡುವ ಪ್ರಾಣಿಯೇ ಸರಿ, ಆದುದರಿಂದ ಇದಕ್ಕೆ ಹಾಲಿರಲಾರದು, ಇದು ಸಸ್ತನಿಯಲ್ಲ ಎಂದು ಜೊಫ್ರುವಾ. ಜರ್ಮನಿಯ ಮೆಕೆಲ್ ಎಂಬಾತನು ೧೮೨೪ರಲ್ಲಿ ಹೆಣ್ಣು ಪ್ಲಾಟಿಪಸ್ಸಿನ ಹೊಟ್ಟೆಯ ಚರ್ಮದಡಿಯಲ್ಲಿ ಹಾಲಿನ ಗ್ರಂಥಿಗಳನ್ನು ಕಂಡುಹಿಡಿದು, ಇದು ಸಸ್ತನಿಯೇ ಎಂದನು. ಸಸ್ತನಿಯಾದರೆ ಮರಿ ಹಾಕಲೇಬೇಕೆಂಬುದು ಆ ಪಕ್ಷದವರ ತೀರ್ಮಾನ. ಅವು ಹಾಲಿನ ಗ್ರಂಥಿಗಳೇ ಅಲ್ಲ, ಮೂಗಿಲಿಯ ಪಕ್ಕೆಯಲ್ಲಿರುವಂತಹ ವಾಸನೆಯ ಗ್ರಂಥಿಗಳೆಂದು ಜೊಫ್ರುವಾ ಹೇಳಿದನು. ಹೋಮನೂ ಆತನ ತರುವಾಯ ರಿಚರ್ಡ್ ಓವೆನ್ನನೂ ನಡುದಾರಿ ಹಿಡಿದರು: ಮೊಟ್ಟೆ ಉಂಟು, ಆದರೆ ಅದು ತಾಯಿಯ ಒಡಲಿನಲ್ಲಿಯೇ ಒಡೆದು ಮರಿಯು ಜೀವಂತವಾಗಿ ಹೊರಬರುತ್ತದೆ. ವಾಚಕರು ಒಂದನ್ನು ಗಮನಿಸಬೇಕು. ಈ ಮಹಾಶಯರು ಒಬ್ಬರನ್ನೊಬ್ಬರು ಎಷ್ಟೇ ಅಲ್ಲಗಳೆದರೂ ಒಂದು ವಿಷಯದಲ್ಲಿ ಎಲ್ಲರೂ ಒಮ್ಮತದವರು. ಹಾಲಿದ್ದಲ್ಲಿ ಇಟ್ಟ ಮೊಟ್ಟೆಯಿಲ್ಲ, ಮೊಟ್ಟೆಯಿಟ್ಟಲ್ಲಿ ಹಾಲಿಲ್ಲ. ಪ್ರತಿಯೊಬ್ಬರ ಕೈಯಲ್ಲಿಯೂ ಅರ್ಧ ಸತ್ಯವಿತ್ತು. ಅದನ್ನು ಕಾಪಾಡುವ ಸಲುವಾಗಿ ಎದುರಾಳಿಯ ಕೈಯ ಅರ್ಧವನ್ನು ಅವರು ಸುಳ್ಳೆನ್ನಬೇಕಾಯಿತು.

ಪ್ರಾಣಿಯೊಡನೆ ಬಾಳಿದ ಜನ ಏನು ಹೇಳುತ್ತಿದ್ದರು? ಇದನ್ನು ಕೇಳಿದವರು ಇಲ್ಲದಿರಲಿಲ್ಲ. ಪ್ಯಾಟ್ರಿಕ್ ಹಿಲ್ ಎಂಬ ವೈದ್ಯನು ೧೮೨೨ರಲ್ಲಿ ಲಂಡನಿನ ಲಿನೀಯನ್ ಸೊಸೈಟಿಯ ಪತ್ರಿಕೆಯಲ್ಲಿ, ನ್ಯೂ ಸೌತ್ ವೇಲ್ಸಿನ ಮೂಲನಿವಾಸಿ ಮುಖಂಡನಾದ ಕುಕುಗಾಂಗ್ ಎಂಬವನ ಮಾತನ್ನು ಅಚ್ಚುಹಾಕಿಸಿದನು. ಪ್ಲಾಟಿಪಸ್ಸು ಎರಡು ಮೊಟ್ಟೆಗಳನ್ನಿಡುವುದು ತಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಅವನು ಹೇಳಿದ್ದನು. ಕೋಳಿಯ ಮೊಟ್ಟೆಯಷ್ಟು ದೊಡ್ಡದೆಂದೂ ಹೇಳಿದ್ದನು. ಅದು ಸರಿಯಲ್ಲ, ನಿಜವಾದ ಮೊಟ್ಟೆ ಎರಡು ಸೆಂಟಿಮೀಟರೂ ಇರುವುದಿಲ್ಲ. ಮುಂದೆ ಸಿಡ್ನಿಯ ವೈದ್ಯ ಜಾರ್ಜ್ ಬೆನೆಟ್ ಮೂಲನಿವಾಸಿಗಳನ್ನು ಜೊತೆಗಿಟ್ಟುಕೊಂಡು ನದೀತೀರಗಳಲ್ಲಿ ಬಿಲಗಳನ್ನು ಅಗೆಸಿದಾಗ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರು. ಅವನು ಗೊಂದಲಗೊಂಡು ಆ ಹೇಳಿಕೆಗಳನ್ನು ಬದಿಗೊತ್ತಿದನು. ಕೇಳಿದವನ ಮನಸ್ಸಿನಲ್ಲಿರುವ ಉತ್ತರವನ್ನು ಊಹಿಸಿ ಹೇಳಿಬಿಡುವುದು ಪರರ ಅಧೀನದಲ್ಲಿರುವ ಜನರಲ್ಲಿ ಎಲ್ಲಿಯೂ ಇರುವ ಅಭ್ಯಾಸ. ಅದನ್ನು ಅವರ ಅಜ್ಞಾನವೆಂದು ಬರೆದುಕೊಳ್ಳುವುದು ಪ್ರಶ್ನಿಸಿದವರ ಅಭ್ಯಾಸ. ಸಾಕ್ಷ್ಯವೆಲ್ಲವೂ ನಿರ್ಮಲವಾಗಿತ್ತೆಂದು ನಾನು ಹೇಳುವುದಿಲ್ಲ. ೧೮೨೯ರಲ್ಲಿ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಸಿಕ್ಕಿದ ನಾಲ್ಕು ಮೊಟ್ಟೆಗಳನ್ನು ಪ್ಲಾಟಿಪಸ್ಸಿನವೆಂದು ಜೊಫ್ರುವಾ ಸಂಭ್ರಮದಿಂದ ಪ್ರಕಟಿಸಿದನು. ಅವು ಆಮೆಯ ಮೊಟ್ಟೆಗಳೆಂದು ಈಗ ಎಣಿಸಲಾಗಿದೆ. ಇಂತಹ ಪೆಟ್ಟುಗಳನ್ನು ತಿಂದವರು ಎಚ್ಚರಿಕೆ ವಹಿಸಿದ್ದು ಸಹಜ.

ಆದರೆ ೧೮೬೪ರ ಸಂಗತಿಗೆ ಅಂತಹ ಸಮಾಧಾನವಿಲ್ಲ. ವಿಕ್ಟೋರಿಯ ಪ್ರಾಂತದ ವುಡ್ಸ್ ಪಾಯಿಂಟ್ ಎಂಬ ಊರಿನ ನಿಕಲ್ಸನ್ ಎಂಬ ವೈದ್ಯನು ಓವೆನ್ನನಿಗೆ ಒಂದು ಕಾಗದ ಬರೆದನು. ಹಿಡಿದು ಕಟ್ಟಿಹಾಕಿದ್ದ ಹೆಣ್ಣು ಪ್ಲಾಟಿಪಸ್ಸೊಂದು ಎರಡು ಮೊಟ್ಟೆಗಳನ್ನಿಟ್ಟಿತ್ತು. ಬಿಳಿಯವು, ಮೆತ್ತಗಿನವು, ಗಟ್ಟಿ ಚಿಪ್ಪಿಲ್ಲದವು. ಓವೆನ್ ಆ ಕಾಗದವನ್ನು ಅಚ್ಚುಮಾಡಿಸಿ, ಪ್ರಾಣಿಯು ಹೆದರಿ ಅಕಾಲದಲ್ಲಿ ಗರ್ಭಪಾತವಾಗಿರಬೇಕೆಂದು ತೀರ್ಪುಕೊಟ್ಟನು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಂಗರಚನಾಶಾಸ್ತ್ರಕ್ಕೆ ಆತನೇ ಅಧಿಪತಿ. ಇನ್ನು ಇಪ್ಪತ್ತು ವರ್ಷ ಪ್ರಶ್ನೆಯು ಹಾಗೆಯೇ ಉಳಿಯಿತು.

೧೮೮೩ರ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ಜಿನ ತರುಣ ವಿದ್ವಾಂಸ ವಿಲಿಯಂ ಹೇ ಕಾಲ್ಡ್‌ವೆಲ್ ಈ ಒಂದೇ ಬಗೆಯ ಸಮಸ್ಯೆಗಳನ್ನು ಬಿಡಿಸುವುದಕ್ಕಾಗಿ ಆಸ್ಟ್ರೇಲಿಯಕ್ಕೆ ಬಂದಿಳಿದನು. ಕ್ವೀನ್ಸ್‌ಲೆಂಡಿನ ಬರ್ನೆಟ್ ನದಿಯ ಬಳಿ ಬೀಡುಬಿಟ್ಟು ಮೂಲನಿವಾಸಿಗಳನ್ನು ಬೇಟೆಗೆ ಹಚ್ಚಿದನು; ಅವರ ಸಂಖ್ಯೆ ಸುಮಾರು ೧೫೦ರವರೆಗೆ ಏರಿತು. ಎಲೆಯ ರಾಶಿಯಲ್ಲಿ ಅಡಗಿದ ಎಕಿಡ್ನವನ್ನು ಹೆಜ್ಜೆಯ ಗುರುತಿನಿಂದ ಕಂಡುಹಿಡಿಯುವುದು ಅವರಿಗಲ್ಲದೆ ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ಒಂದೊಂದು ಹೆಣ್ಣಿಗೆ ಅರ್ಧ ಕ್ರೌನ್, ಎಂದರೆ ಎರಡೂವರೆ ಷಿಲಿಂಗು ಕೂಲಿ. ಹಿಟ್ಟು, ಚಹ, ಸಕ್ಕರೆಗಳನ್ನು ಅವರಿಗೆ ಮಾರುತ್ತಿದ್ದವನೂ ಕಾಲ್ಡ್‌ವೆಲ್ಲನೇ. ಎಕಿಡ್ನಗಳು ಹೆಚ್ಚಾಗಿ ಬಂದಂತೆಲ್ಲ ಸಾಮಾನಿನ ಬೆಲೆಯನ್ನು ಏರಿಸುತ್ತಿದ್ದೆನೆಂದೂ, ಹೀಗೆ ಕೊಟ್ಟ ಹಣವು ಅವರ ಹಸಿವು ಹಿಂಗದಿರುವಷ್ಟಕ್ಕೆ ಮಾತ್ರ ಸಾಲುತ್ತಿತ್ತೆಂದೂ ಆತನೇ ಬರೆದುಕೊಂಡಿದ್ದಾನೆ. ಬರೆಯುವಾಗ ಆತನಿಗೆ ಸಂಕೋಚವಾಗಲಿಲ್ಲ, ತನ್ನ ಜಾಣತನವನ್ನು ಹೇಳಿಕೊಳ್ಳುವ ಧ್ವನಿಯೇ ಕೇಳಿಸುತ್ತದೆ. ಮೂರು ತಿಂಗಳ ಅವಧಿಯಲ್ಲಿ ೧೩೦೦ರಿಂದ ೧೪೦೦ ಎಕಿಡ್ನಗಳು ಆತನ ಬೀಡಿಗೆ ಬಂದುವು. ಹಿಡಿದು ತಂದವರಲ್ಲಿ ಒಬ್ಬರ ಹೆಸರೂ ನಾನು ಓದಿದ ವೃತ್ತಾಂತಗಳಲ್ಲಿ ಕಾಣಲಿಲ್ಲ. ಎಕಿಡ್ನವು ಅವರ ಆಹಾರ. ಹೆಣ್ಣಿನ ಚೀಲದಲ್ಲಿ ಏನಿರುತ್ತದೆಂಬುದು ಅವರ ಅಡಿಗೆಯ ಒಲೆಗೆ ಗೊತ್ತಿತ್ತು.

೧೮೮೪ರ ಆಗಸ್ಟ್ ೨೪ರಂದು ಕಾಲ್ಡ್‌ವೆಲ್ ಒಂದು ಹೆಣ್ಣು ಪ್ಲಾಟಿಪಸ್ಸನ್ನು ಹೊಡೆದನು. ಅದು ಒಂದು ಮೊಟ್ಟೆಯನ್ನಿಟ್ಟಾಗಿತ್ತು. ಎರಡನೆಯದು ಗರ್ಭಕೋಶದ ಬಾಗಿಲಲ್ಲಿತ್ತು. ಒಳಗಿನ ಭ್ರೂಣವು ಮೂವತ್ತಾರು ಗಂಟೆ ಕಾವು ಪಡೆದ ಕೋಳಿಯ ಭ್ರೂಣದಷ್ಟು ಬೆಳೆದಿತ್ತು. ಆತನು ಐದು ದಿನಗಳ ತರುವಾಯ ಕಳುಹಿಸಿದ ತಂತಿಯು ಸಿಡ್ನಿಯ ಪ್ರೊಫೆಸರ್ ಲಿವರ್ಸಿಜ್ಜನ ಮೂಲಕ ಕೆನಡದ ಮಾಂಟ್ರಿಯಲಿನಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಗೆ ತಲಪಿತು. ಅದರಲ್ಲಿದ್ದುದು ನಾಲ್ಕೇ ಶಬ್ದಗಳು. ಮೊದಲೆರಡರ ಅರ್ಥ, ಏಕದ್ವಾರಿಗಳು ಮೊಟ್ಟೆಯಿಡುತ್ತವೆ ಎಂದು. ಉಳಿದೆರಡೂ ಅಷ್ಟೇ ಮುಖ್ಯವಾದುವು: ಆ ಮೊಟ್ಟೆಯು ಪೂರ್ತಿಯಾಗಿ ಸೀಳದೆ ಹಕ್ಕಿ ಹಾವುಗಳ ಮೊಟ್ಟೆಯಂತೆ ಬಂಡಾರದ ಮೇಲ್ಗಡೆ ಮಾತ್ರ ಕವಲೊಡೆಯುತ್ತದೆ. ಸೆಪ್ಟೆಂಬರ್ ೨ರಂದು ಸಭೆಯಲ್ಲಿ ಇದನ್ನು ಓದಿದರು.

ಅದೇ ಸೆಪ್ಟೆಂಬರ್ ೨ರಂದು, ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಅಡಿಲೇಡಿನ ರಾಯಲ್ ಸೊಸೈಟಿಯ ಸದಸ್ಯರು ಕುಳಿತಿದ್ದರು. ಆ ಊರಿನ ವಸ್ತುಸಂಗ್ರಹಾಲಯದ ನಿರ್ದೇಶಕನಾಗಿದ್ದ ಜರ್ಮನಿಯ ವಿಲ್‌ಹೆಲ್ಮ್ ಹಾಕೆ ಎಂಬಾತನು ಅವರ ಮುಂದೆ ಒಂದು ಒಡೆದ ಚಿಪ್ಪನ್ನು ಇಟ್ಟನು. ಕಾಂಗರೂ ದ್ವೀಪದಿಂದ ತರಿಸಿದ್ದ ಜೀವಂತ ಎಕಿಡ್ನಗಳಲ್ಲಿ ಒಂದು ಹೆಣ್ಣನ್ನು ಆಳು ಹಿಂಗಾಲು ಹಿಡಿದು ಎತ್ತಿದ್ದಾಗ, ಅದರ ಹೊಟ್ಟೆಯ ಚೀಲ ಹೇಗಿದೆಯೆಂದು ನೋಡಲು ಹಾಕೆ ಬೆರಳು ತೂರಿಸಿದನು. ಬೆರಳಿಗೆ ಮೊಟ್ಟೆ ಸಿಕ್ಕಿತು. ಹೊರಕ್ಕೆ ತೆಗೆದವನೇ ಬೆರಗಿನಿಂದ ಅದನ್ನು ಹಿಸುಕಿಬಿಟ್ಟನು! ಒಳಗಿದ್ದುದು ಆಗಲೇ ಕೆಟ್ಟುಹೋಗಿತ್ತು. ಹಸುವಿನ ಕೆಚ್ಚಲಿನಲ್ಲಿ ಕೋಳಿಮೊಟ್ಟೆ ಸಿಕ್ಕಿದ್ದರೆ ನಮ್ಮ ಕೈ ಎಷ್ಟು ನಡುಗುತ್ತಿತ್ತೆಂದು ಯೋಚಿಸಿದರೆ ಆತನನ್ನು ಕ್ಷಮಿಸಬಹುದು. ಒಬ್ಬನು ನೂರೈವತ್ತು ಜನರನ್ನು ಹಸಿವಿನಲ್ಲಿಟ್ಟು ಪಡೆದ ಉತ್ತರವನ್ನು ಇನ್ನೊಬ್ಬನು ಒಂದು ಬೆರಳಿನಿಂದ ಪಡೆದನು. ಇಬ್ಬರಿಗೂ ಪರಸ್ಪರ ಸುದ್ದಿಯಿರಲಿಲ್ಲ. ಹಾಕೆಯ ದೃಷ್ಟಿಯಲ್ಲಿ ತನ್ನದೇ ಹೆಚ್ಚಿನ ಸಾಧನೆ. ನನಗೂ ಹಾಗೆಯೇ ತೋರುತ್ತದೆ, ಏಕೆಂದರೆ ಮೊಟ್ಟೆಯೂ ಹಾಲೂ ಒಂದೇ ಚೀಲದಲ್ಲಿ ಕೂಡಿಬರುವುದು ಎಕಿಡ್ನದಲ್ಲಿಯೇ. ಕಾಲ್ಡ್‌ವೆಲ್ ಮುಂದೆ ವಿಜ್ಞಾನವನ್ನು ಬಿಟ್ಟು ಸ್ಕಾಟ್ಲೆಂಡಿನಲ್ಲಿ ಕಾಗದದ ಕಾರ್ಖಾನೆಯನ್ನು ನಡೆಸಿದನು.

ಆ ಚೀಲದ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಅದು ಕಾಂಗರೂವಿನದರಂತೆ ಶಾಶ್ವತವಾದುದಲ್ಲ. ಮರಿಯ ಕಾಲಕ್ಕೆ ಮಾತ್ರ ಹೊಟ್ಟೆಯ ಚರ್ಮವೂ ಸ್ನಾಯುಗಳೂ ಮಡಿಸಿಕೊಂಡು ಉಂಟಾಗುವ ಮಡಿಲು. ಕೂಡಿದ ಮೂರು ವಾರಗಳ ಮೇಲೆ ತಾಯಿ ಒಂದೇ ಒಂದು ಮೊಟ್ಟೆಯನ್ನು ನೇರವಾಗಿ ಅದರೊಳಕ್ಕೆ ಇಟ್ಟುಕೊಳ್ಳುತ್ತದೆ. ದ್ರಾಕ್ಷಿಹಣ್ಣಿನ ಗಾತ್ರ, ಚರ್ಮದಂತಹ ಚಿಪ್ಪು. ಹತ್ತು ದಿನಗಳಿಗೆ ಅದು ಒಡೆಯುತ್ತದೆ; ಹೊರಬರುವ ಜೀವವು ಅರ್ಧ ಗ್ರಾಮೂ ತೂಗುವುದಿಲ್ಲ. ತೊಟ್ಟಿಲ್ಲವಾದುದರಿಂದ ಹಾಲು ಚರ್ಮದ ಎರಡು ತಾಣಗಳಲ್ಲಿ ಬೆವರಿನಂತೆ ಒಸರುತ್ತದೆ, ಮರಿ ಅದನ್ನು ಹೀರಿಕೊಳ್ಳುತ್ತದೆ. ಐವತ್ತು ದಿನಗಳ ಹೊತ್ತಿಗೆ ಮುಳ್ಳು ಮೂಡತೊಡಗಿದಾಗ ತಾಯಿ ಅದನ್ನು ಬಿಲದಲ್ಲಿ ಬಿಟ್ಟು ಬಾಯನ್ನು ಮುಚ್ಚಿ ಹೊರಟುಹೋಗುತ್ತದೆ. ಐದಾರು ದಿನಕ್ಕೊಮ್ಮೆ ಬಂದು ಹಾಲೂಡಿಸುತ್ತದೆ. ಇಂತಹ ಸಂಗತಿಗಳಲ್ಲಿ ಬಹಳಷ್ಟು ತಿಳಿದುಬಂದುದು ಕಾಂಗರೂ ದ್ವೀಪದಲ್ಲಿಯೇ, ಪೆಗ್ಗಿ ರಿಸ್‌ಮಿಲ್ಲರ್ ಎಂಬ ವಿದುಷಿಯು ಹಲವು ವರ್ಷಗಳ ಕಾಲ ಒಂದೊಂದೇ ಪ್ರಾಣಿಯನ್ನು ಕೊಲ್ಲದೆ ಹಿಂಬಾಲಿಸಿದುದರಿಂದ.

ಮೈಯ ಶಾಖವೂ ನಡುದಾರಿಯದೇ. ನಮ್ಮದು ಮೂವತ್ತೇಳು ಡಿಗ್ರಿ. ಎಕಿಡ್ನದ್ದು ಎಚ್ಚರವಾಗಿರುವಾಗಲೂ ಸುಮಾರು ಮೂವತ್ತೆರಡು. ಹಿಮ ಬೀಳುವ ಬೆಟ್ಟಗಳಲ್ಲಿ ಚಳಿಗಾಲದ ದೀರ್ಘ ನಿದ್ರೆಯಲ್ಲಿ ಅದು ಐದು ಡಿಗ್ರಿಯ ಸಮೀಪಕ್ಕೂ ಇಳಿಯುವುದುಂಟು. ೨೦೧೩ರ ಜನವರಿಯಲ್ಲಿ ವಾರಂಬಂಗಲ್ ವನವನ್ನು ಕಾಳ್ಗಿಚ್ಚು ಸುಟ್ಟ ಮೇಲೆ ಅಲ್ಲಿ ಉಳಿದ ಎಕಿಡ್ನಗಳು, ತಿನ್ನಲು ಸಾಕಷ್ಟಿಲ್ಲದಿದ್ದರೂ ಬೇರೆಡೆಗೆ ಓಡದೆ, ಮೈಯನ್ನು ತಣ್ಣಗೆ ಮಾಡಿಕೊಂಡು ಮಂಪರಿನಲ್ಲಿ ಕಾಲ ಕಳೆದುವು. ಇದ್ದಲ್ಲಿಯೇ ಇಳಿದು ಕುಳಿತು ಕಾಯುವುದೇ ಅದರ ಕುಲವಿದ್ಯೆ.

ಇದೆಲ್ಲವನ್ನು ನೋಡಿ ಎಕಿಡ್ನವನ್ನು ಅರೆಬೆಂದ ಸಸ್ತನಿಯೆಂದು ಹಳೆಯವರು ಬರೆಯುತ್ತಿದ್ದರು. ಅದು ತಪ್ಪು ತಿಳಿವಳಿಕೆ. ಸುಮಾರು ಹದಿನೆಂಟು ಕೋಟಿ ವರ್ಷಗಳ ಹಿಂದೆ ಅದರ ಮೂಲಪುರುಷರೂ ನಮ್ಮ ಮೂಲಪುರುಷರೂ ಬೇರೆಯಾದಾಗ ಎರಡು ಕಡೆಯವರೂ ಮೊಟ್ಟೆಯಿಡುತ್ತಿದ್ದರು, ಎರಡು ಕಡೆಯವರಿಗೂ ಹಾಲಿತ್ತು. ನಮ್ಮ ಕಡೆಯವರು ಮೊಟ್ಟೆಯನ್ನು ಬಿಟ್ಟರು, ಅವರು ಬಿಡಲಿಲ್ಲ. ಮೊಟ್ಟೆಯ ಬಂಡಾರವನ್ನು ತಯಾರಿಸುವ ವಂಶವಾಹಿಗಳು ಕೋಳಿಯಲ್ಲಿ ಮೂರು. ಪ್ಲಾಟಿಪಸ್ಸಿನಲ್ಲಿ ಒಂದು ಇನ್ನೂ ಕೆಲಸ ಮಾಡುತ್ತಿದೆ. ಅವುಗಳ ಮುರುಕುಗಳು ಮನುಷ್ಯನಲ್ಲಿಯೂ ಉಳಿದಿವೆಯೆಂದು ೨೦೦೮ರಲ್ಲಿ ಕಂಡುಬಂದಿತು. ಜರಾಯುಜರಾದ ನಾವು ಅಂಡಜರಾಗಿದ್ದ ಕಾಲದ ಹಾಳು ಕಡತವನ್ನು ಮೈಯ ಕಣಕಣದಲ್ಲಿಯೂ ಹೊತ್ತು ತಿರುಗುತ್ತಿದ್ದೇವೆ!

ಎಕಿಡ್ನದ ಕುಲದಲ್ಲಿ ನ್ಯೂಗಿನಿಯ ದೊಡ್ಡ ದ್ವೀಪದಲ್ಲಿರುವ ಉದ್ದ ಮೂತಿಯವೂ ಉಂಟು. ಅವುಗಳಲ್ಲಿ ಒಂದು ಜಾತಿಗೆ ಆಧಾರ, ೧೯೬೧ರಲ್ಲಿ ಡಚ್ ಸಸ್ಯಶಾಸ್ತ್ರಜ್ಞನೊಬ್ಬನು ಸೈಕ್ಲಾಪ್ಸ್ ಪರ್ವತಗಳಲ್ಲಿ ಸಂಗ್ರಹಿಸಿದ ಒಂದೇ ಒಂದು ಮಾದರಿ. ೧೯೯೮ರಲ್ಲಿ ಅದಕ್ಕೆ ಡೇವಿಡ್ ಆಟೆನ್‌ಬರೋ ಅವರ ಹೆಸರನ್ನಿಟ್ಟರು. ಅದು ಅಳಿದುಹೋಯಿತೋ ಏನೋ ಎಂದು ಪಂಡಿತರು ಶಂಕಿಸುತ್ತಿದ್ದಾಗ, ೨೦೨೩ರಲ್ಲಿ ಆಕ್ಸ್‌ಫರ್ಡಿನ ಜೇಮ್ಸ್ ಕೆಂಪ್ಟನ್ ಮುಂದಾಳಾಗಿದ್ದ ಒಂದು ತಂಡವು ಆ ಬೆಟ್ಟಗಳಿಗೆ ಹೋಯಿತು. ಬೆಟ್ಟದಡಿಯ ಯೊಂಗ್ಸು ಸಪಾರಿ ಎಂಬ ಹಳ್ಳಿಯವರು ತಂಡಕ್ಕೆ ಒಂದು ಹಳೆಯ ರೂಢಿಯನ್ನು ಹೇಳಿದರು. ಊರಿನಲ್ಲಿ ಇಬ್ಬರಿಗೆ ಜಗಳ ಬಂದರೆ ಹೊಡೆದಾಡಗೊಡುವುದಿಲ್ಲ. ಒಬ್ಬನನ್ನು ಕಾಡಿಗೆ ಎಕಿಡ್ನವನ್ನು ಹುಡುಕಲು, ಇನ್ನೊಬ್ಬನನ್ನು ಸಮುದ್ರಕ್ಕೆ ಮಾರ್ಲಿನ್ ಮೀನನ್ನು ಹುಡುಕಲು ಕಳುಹಿಸುತ್ತಾರೆ. ಎರಡೂ ಸಿಗುವುದು ಬಲು ಕಷ್ಟ. ಸಿಕ್ಕುವುದರೊಳಗೆ ವರ್ಷಗಳೇ ಕಳೆಯಬಹುದು. ಎರಡೂ ಸಿಕ್ಕಿದ ದಿನ ಜಗಳ ಮುಗಿಯಿತು.

ತಂಡದವರು ಕಾಡಿನಲ್ಲಿ ಎಂಬತ್ತಕ್ಕೂ ಹೆಚ್ಚು ಕ್ಯಾಮರಾಗಳನ್ನು ಕಟ್ಟಿಟ್ಟು ನಾಲ್ಕು ವಾರ ಬೆಟ್ಟ ಹತ್ತಿ ಇಳಿದರು. ಕೊನೆಯ ದಿನ, ಕೊನೆಯ ಚಿತ್ರಗಳಲ್ಲಿ, ಉದ್ದ ಮೂತಿಯನ್ನು ಮುಂದಿಟ್ಟುಕೊಂಡು ಅದು ಕತ್ತಲೆಯಲ್ಲಿ ನಡೆದುಹೋಗುತ್ತಿತ್ತು.